ರೇಡ್‌ನಲ್ಲಿ ಸಿಕ್ಕ ಲೂಟ್ ಯಾರ ಪಾಲಾಗಬೇಕು?

[ಪರದೆ: ಬಾಸ್ ನೆಲಕ್ಕೆ ಉರುಳುತ್ತಾನೆ. ಲೂಟ್ ಕಿಟಕಿ ತೆರೆದುಕೊಳ್ಳುತ್ತದೆ. ಒಳಗೆ ಒಂದೇ ಖಡ್ಗ.]

ನಮಸ್ಕಾರ. ಪುಣೆಯಿಂದ ಮಾತನಾಡುತ್ತಿದ್ದೇನೆ. ಆನ್‌ಲೈನ್ ಆಟದಲ್ಲಿ ಹಲವರು ತಂಡವಾಗಿ ಬಾಸ್ ಎಂಬ ದೊಡ್ಡ ಶತ್ರುವಿನ ಮೇಲೆ ಬೀಳುವುದು ರೇಡ್; ಅವನು ಸತ್ತಾಗ ಸಿಗುವ ವಸ್ತುಗಳು ಲೂಟ್. ಈ ಖಡ್ಗವನ್ನು ಬೇಡುತ್ತಿರುವವರು ನಾಲ್ವರು. ನಾಲ್ವರೂ ಇದೇ ಬಾಸ್ ಎದುರು ವಾರಗಟ್ಟಲೆ ಹೆಣಗಿದವರು. ಖಡ್ಗ ಯಾರಿಗೆ? ಬಾಸ್ ಬಿದ್ದ ಮೇಲೆ ಈ ಚರ್ಚೆಗೆ ಕುಳಿತ ತಂಡದಲ್ಲಿ ಮನಸ್ತಾಪ ಖಂಡಿತ. ನಿಯಮ ಮೊದಲು, ಬಾಸ್ ಆಮೇಲೆ. ಇವತ್ತು ನಾನು ಹೇಳಬೇಕಾದದ್ದು ಇದೇ.

ನಮ್ಮ ಕಡೆಯವರಿಗೆ ಇದು ಇನ್ನೂ ಮುಖ್ಯ. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಆಟಕ್ಕೆ ಭಾರತದಲ್ಲಿ ಸರ್ವರ್ ಇಲ್ಲ. ಕೋಥ್ರೂಡ್, ಹಿಂಜವಡಿ, ಡೊಂಬಿವಲಿಗಳಲ್ಲಿರುವ ನಮ್ಮ ಕನ್ನಡಿಗರಲ್ಲಿ ಯುರೋಪಿನ ಸರ್ವರ್ ಹಿಡಿದವರಿಗೆ ನಿದ್ದೆಗೆಡುವುದು ತಪ್ಪಿದ್ದಲ್ಲ. ಚಳಿಗಾಲದಲ್ಲಿ ಜರ್ಮನಿಯ ರಾತ್ರಿ 8 ಗಂಟೆ ಎಂದರೆ ಇಲ್ಲಿ ಮಧ್ಯರಾತ್ರಿ 12.30. ಮೂರು ಗಂಟೆಯ ರೇಡ್ ಮುಗಿಸಿ ಮಲಗಿದವರು ಬೆಳಿಗ್ಗೆ ಎದ್ದು ಕಂಪನಿಯ ಬಸ್ ಹಿಡಿಯಬೇಕು. ಅಷ್ಟು ನಿದ್ದೆ ಕೊಟ್ಟು ಆಡುವವರಿಗೆ ಹಂಚಿಕೆಯಲ್ಲಿ ಅನ್ಯಾಯವಾದರೆ ಅದು ಬರೀ ಆಟದ ಮಾತಾಗಿ ಉಳಿಯುವುದಿಲ್ಲ.

[ಪರದೆ: ದಾಳ ಉರುಳುತ್ತದೆ. 97, 41, 12, 3.]

ಎಲ್ಲಕ್ಕಿಂತ ಸುಲಭದ ದಾರಿ ರೋಲ್. ಒಂದರಿಂದ ನೂರರೊಳಗೆ ಯಾರಿಗೆ ದೊಡ್ಡ ಸಂಖ್ಯೆ ಬಂತೋ ಅವರಿಗೆ ವಸ್ತು. ಒಂದು ದಿನದ ಮಟ್ಟಿಗೆ ಸೇರಿದ ಅಪರಿಚಿತರ ಗುಂಪಿಗೆ ಇದು ಸಾಕು. ಅಲ್ಲಿಯೂ ರೇಡ್ ಶುರುವಾಗುವ ಮುನ್ನ ಪ್ರತಿಯೊಬ್ಬರೂ ತಮಗೆ ಬೇಕಾದ ಒಂದೆರಡು ವಸ್ತುಗಳ ಹೆಸರು ಬರೆದಿಟ್ಟು, ಅವು ಸಿಕ್ಕಾಗ ಹೆಸರು ಬರೆದವರಷ್ಟೇ ರೋಲ್ ಮಾಡುವುದು ವಾಸಿ. ಆದರೆ ವಾರವಾರವೂ ಜೊತೆಯಾಗಿ ಆಡುವ ತಂಡಕ್ಕೆ ಬರೀ ಅದೃಷ್ಟ ಸಾಲದು. ಮೊನ್ನೆ ಬಂದವರು ಮೂರು ವಸ್ತು ಹೊತ್ತುಕೊಂಡು ಹೋಗಿ, ಮೊದಲ ದಿನದಿಂದ ಇದ್ದ ಹೀಲರ್ (ಜೊತೆಯವರ ಗಾಯ ಮಾಯಿಸುವವರು) ಬರಿಗೈಯಲ್ಲಿ ನಿಂತರೆ ದಾಳವನ್ನು ದೂರಲಾಗುವುದಿಲ್ಲ, ನಿಜ. ಆ ಹೀಲರ್ ಮುಂದಿನ ವಾರ ಬಾರದೆ ಹೋದರೆ ಅವರನ್ನೂ ದೂರಲಾಗುವುದಿಲ್ಲ.

ಈ ತೊಡಕು ಹಳೆಯದು. 1999ರಲ್ಲಿ ಎವರ್‌ಕ್ವೆಸ್ಟ್ ಆಟದ ಆಫ್ಟರ್‌ಲೈಫ್ ಎಂಬ ಗಿಲ್ಡ್, ಅಂದರೆ ಆಟಗಾರರ ಸಂಘ, ಇದಕ್ಕೊಂದು ಉಪಾಯ ಹುಡುಕಿತು. ರೇಡ್‌ಗೆ ಬಂದವರಿಗೆ ಅಂಕ, ವಸ್ತು ಬೇಕಾದಾಗ ಆ ಅಂಕಗಳಲ್ಲೇ ಬೆಲೆ ತೆರುವುದು. ಲೇಡಿ ವಾಕ್ಸ್, ಲಾರ್ಡ್ ನಾಗಫೆನ್ ಎಂಬ ಎರಡು ಡ್ರ್ಯಾಗನ್‌ಗಳಿಂದಾಗಿ ಅದಕ್ಕೆ ಡ್ರ್ಯಾಗನ್ ಕಿಲ್ ಪಾಯಿಂಟ್ಸ್ ಎಂದು ಹೆಸರಾಯಿತು; ಆಟಗಾರರ ಬಾಯಲ್ಲಿ ಡಿಕೆಪಿ. 2004ರಲ್ಲಿ ವಾರ್‌ಕ್ರಾಫ್ಟ್ ಬಂದ ಮೇಲೆ ಮೋಲ್ಟನ್ ಕೋರ್ ಎಂಬ ರೇಡ್‌ನಲ್ಲಿ 40 ಮಂದಿ ಒಟ್ಟಿಗೆ ಇಳಿಯುತ್ತಿದ್ದರು, ಬಾಸ್ ಬಿಟ್ಟುಹೋಗುತ್ತಿದ್ದ ವಸ್ತುಗಳೋ ಬೆರಳೆಣಿಕೆಯಷ್ಟು. ಲೆಕ್ಕವಿಲ್ಲದೆ ಅಲ್ಲಿ ಗತಿಯಿರಲಿಲ್ಲ.

ಡಿಕೆಪಿಯ ದೋಷವೆಂದರೆ ಕೂಡಿಡುವ ಚಟ. ತಿಂಗಳುಗಟ್ಟಲೆ ಏನನ್ನೂ ಕೊಳ್ಳದೆ ಅಂಕ ಪೇರಿಸಿಟ್ಟವರು ಕೊನೆಗೆ ಒಳ್ಳೆಯದನ್ನೆಲ್ಲ ಬಾಚಿಕೊಳ್ಳುತ್ತಾರೆ. ಇದಕ್ಕೆ ಮದ್ದಾಗಿ ಬಂದದ್ದು ಇಪಿಜಿಪಿ, ಅಂದರೆ ಎಫರ್ಟ್ ಪಾಯಿಂಟ್ಸ್, ಗೇರ್ ಪಾಯಿಂಟ್ಸ್. ಇದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ನನಗೆ ಇದು ನಿಜಕ್ಕೂ ಇಷ್ಟ.

[ಪರದೆ: ಕೋಷ್ಟಕ. ವಾರಿಯರ್ 1200 / 400. ಮೇಜ್ 900 / 200. ರೋಗ್ 1500 / 600.]

ವಾರಿಯರ್, ಮೇಜ್, ರೋಗ್ ಆಟದ ಮೂರು ಬಗೆಯ ಪಾತ್ರಗಳು. ಎಡಗಡೆಯದು ಶ್ರಮದ ಅಂಕ, ಬಲಗಡೆಯದು ಈವರೆಗೆ ಪಡೆದ ವಸ್ತುಗಳ ಬೆಲೆ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ಬಂದದ್ದೇ ಅವರ ಪಾಳಿ; ಅದು ಹೆಚ್ಚಿದ್ದವರಿಗೆ ಮೊದಲ ಹಕ್ಕು. ವಾರಿಯರ್‌ಗೆ 3, ಮೇಜ್‌ಗೆ 4.5, ರೋಗ್‌ಗೆ 2.5. ಮೂವರಿಗೂ ಬೇಕಾದ ಟ್ರಿಂಕೆಟ್ (ತಾಯತದಂಥ ವಸ್ತು) ಒಂದು ಬಿತ್ತು, ಅದರ ಬೆಲೆ 150 ಎನ್ನೋಣ. ಮೇಜ್‌ಗೆ ಹೋಗುತ್ತದೆ. ಈಗ ಮೇಜ್‌ನ ಬಲಗಡೆ 350 ಆಯಿತು, ಪಾಳಿ 2.57ಕ್ಕೆ ಇಳಿಯಿತು. ಮುಂದಿನ ಸಲ ಮೊದಲ ಹಕ್ಕು ವಾರಿಯರ್‌ನದು. ಯಾರೂ ಯಾರನ್ನೂ ಬೇಡಿಕೊಳ್ಳಬೇಕಾಗಿಲ್ಲ.

ಪ್ರತಿ ವಾರ ಎರಡೂ ಅಂಕಗಳಲ್ಲಿ ಶೇಕಡ 10 ಕಳೆಯಿರಿ. ಹಳೆಯ ಗಂಟು ಕರಗುತ್ತಾ ಹೋಗುತ್ತದೆ, ಈಚೆಗೆ ದುಡಿದವರಿಗೆ ಬೆಲೆ ಬರುತ್ತದೆ. ಹೊಸಬರ ಬಲಗಡೆ ಸೊನ್ನೆ ಇಡಬೇಡಿ, ಭಾಗಾಕಾರವೇ ಆಗುವುದಿಲ್ಲ. ಎಲ್ಲರಿಗೂ 100ರಂಥ ಒಂದು ಮೂಲ ಅಂಕ ಇರಲಿ. ಇನ್ನೊಂದು ಮಾತು: ಬಾಸ್ ಸಾಯದ ರಾತ್ರಿಗೂ ಅಂಕ ಕೊಡಿ. ಸೋಲುತ್ತಾ ಸೋಲುತ್ತಾ ಕಲಿತ ರಾತ್ರಿಗಳೇ ಗೆಲುವಿನ ನಿಜವಾದ ಬಂಡವಾಳ. ಗೆಲ್ಲುವ ದಿನ ಮಾತ್ರ ಮುಖ ತೋರಿಸುವವರಿಗೂ ಆ ರಾತ್ರಿಗಳಲ್ಲಿ ಕುಳಿತವರಿಗೂ ಒಂದೇ ಅಂಕ ಬಂದರೆ ಅದು ನ್ಯಾಯವಲ್ಲ.

ಇಷ್ಟಾದರೂ ಅಂಕಕ್ಕೆ ಕಾಣದ ಸಂಗತಿಗಳಿವೆ. ಸೆಟ್ ಕವಚವನ್ನೇ ನೋಡಿ. ಎರಡು ತುಂಡು ಸೇರಿದಾಗ ಒಂದು ಶಕ್ತಿ, ನಾಲ್ಕು ಸೇರಿದಾಗ ಇನ್ನೊಂದು. ಮೂರು ತುಂಡು ಇರುವವರಿಗೆ ನಾಲ್ಕನೆಯದು ಸಿಕ್ಕರೆ ಇಡೀ ತಂಡದ ಬಲ ಆ ರಾತ್ರಿಯೇ ಏರುತ್ತದೆ. ಎರಡು ತುಂಡು ಇರುವವರಿಗೆ ಮೂರನೆಯದು ಕೊಟ್ಟರೆ ಅಂಥ ಲಾಭವಿಲ್ಲ. ಕಾದಾಟದ ದಾಖಲೆಯೂ ದಾರಿ ತೋರಿಸುತ್ತದೆ. ಸಮಯ ಮೀರಿ ಬಾಸ್ ಕೆರಳಿ ಎಲ್ಲರನ್ನೂ ಕೊಲ್ಲುವಾಗ ಅವನ ಪ್ರಾಣ ಶೇಕಡ 3 ಉಳಿದಿದ್ದರೆ ಕೊರತೆ ಇರುವುದು ಹೊಡೆತದಲ್ಲಿ. ಆಯುಧ ಹೊಡೆಯುವವರಿಗೆ ಹೋಗಲಿ. ಬಾಸ್‌ನ ಏಟನ್ನು ಮೈಮೇಲೆ ತೆಗೆದುಕೊಳ್ಳುವ ಟ್ಯಾಂಕ್ ಮತ್ತೆ ಮತ್ತೆ ಬೀಳುತ್ತಿದ್ದರೆ ಕವಚ ಮೊದಲು ಟ್ಯಾಂಕ್‌ಗೆ. ಹೀಲರ್‌ಗಳನ್ನು ಯಾವಾಗಲೂ ಸಾಲಿನ ಕೊನೆಗೆ ತಳ್ಳುವ ರೂಢಿ ಅನೇಕ ತಂಡಗಳಲ್ಲಿದೆ. ಲೆಕ್ಕಾಚಾರವಾಗಿ ಅದು ಕೆಲವೊಮ್ಮೆ ಸರಿಯಿರಬಹುದು. ಆದರೆ ವರ್ಷವಿಡೀ ಇತರರ ಪ್ರಾಣ ಕಾಯುವವರು ಸಿಕ್ಕಿದ್ದನ್ನು ಹಾಕಿಕೊಂಡು ನಿಲ್ಲಬೇಕು ಎನ್ನುವುದನ್ನು ನಾನು ಒಪ್ಪುವುದಿಲ್ಲ.

ಇಂಥ ವಸ್ತುಗಳಿಗೆ ಲೂಟ್ ಕೌನ್ಸಿಲ್ ಬೇಕು: ಯಾರಿಗೆ ಎಂದು ತೀರ್ಮಾನಿಸುವ ಮೂರು ಜನ, ಒಬ್ಬ ಟ್ಯಾಂಕ್, ಒಬ್ಬ ಹೀಲರ್, ಒಬ್ಬ ಹೊಡೆಯುವವರು. ತಿಂಗಳಿಗೊಮ್ಮೆ ಬದಲಾಗಲಿ. ಕೊಟ್ಟ ಕಾರಣವನ್ನು ಎಲ್ಲರಿಗೂ ಕಾಣುವ ಹಾಳೆಯಲ್ಲಿ ಒಂದು ಸಾಲು ಬರೆಯಲಿ. ಸಾಮಾನ್ಯ ವಸ್ತುಗಳಿಗೆ ಅಂಕ, ಅಪರೂಪದ ಆಯುಧಕ್ಕೂ ನಾಲ್ಕನೆಯ ತುಂಡಿಗೂ ಕೌನ್ಸಿಲ್. ಹತ್ತಿಪ್ಪತ್ತು ಜನರ ತಂಡಕ್ಕೆ ನಾನು ಹೇಳುವುದು ಈ ಎರಡರ ಜೋಡಿ.

[ಪರದೆ: ಹರಾಜು ಕೂಗುವ ಚಾಟ್ ಸಾಲುಗಳು.]

ಜಿಡಿಕೆಪಿ, ಅಂದರೆ ಅಂಕದ ಬದಲು ಆಟದೊಳಗಿನ ಚಿನ್ನಕ್ಕೆ ವಸ್ತು ಹರಾಜು ಹಾಕುವ ಪದ್ಧತಿ; ಇದರ ಬಗ್ಗೆ ಹಲವರು ಕೇಳುತ್ತಾರೆ. ಮಹಾರಾಷ್ಟ್ರದ ಭಿಶಿ, ನಮ್ಮೂರ ಹರಾಜು ಚೀಟಿ ನೋಡಿದವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ. ಚೀಟಿ ಎತ್ತಿದವರು ಬಿಟ್ಟುಕೊಟ್ಟ ಹಣ ಉಳಿದವರಿಗೆ ಹಂಚಿಕೆಯಾಗುವಂತೆ, ಇಲ್ಲಿ ವಸ್ತು ಕೂಗಿದವರ ಚಿನ್ನ ರೇಡ್‌ನಲ್ಲಿದ್ದ ಎಲ್ಲರಿಗೂ ಹಂಚಿಕೆಯಾಗುತ್ತದೆ. ಬರಿಗೈಯಲ್ಲಿ ಯಾರೂ ಹೋಗುವುದಿಲ್ಲ. ಕೆಡುಕು ಬೇರೆ ಕಡೆ ಇದೆ. ಕೂಗುವ ಚಿನ್ನವನ್ನು ನಿಜವಾದ ದುಡ್ಡು ಕೊಟ್ಟು ಕೊಳ್ಳುವವರು ಬರುತ್ತಾರೆ, ಆಮೇಲೆ ಶ್ರಮಕ್ಕೆ ಬೆಲೆ ಉಳಿಯುವುದಿಲ್ಲ. ವಾರ್‌ಕ್ರಾಫ್ಟ್ ಮಾಡಿದ ಬ್ಲಿಝಾರ್ಡ್ 2024ರಲ್ಲಿ ಆಟದ ಸೀಸನ್ ಆಫ್ ಡಿಸ್ಕವರಿ ಎಂಬ ಆವೃತ್ತಿಯಲ್ಲಿ ಇದನ್ನು ನಿಷೇಧಿಸಿತು. ಒಳ್ಳೆಯದೇ ಆಯಿತು.

ಹಂಚಿಕೆಯನ್ನು ಆಟಕ್ಕೇ ಬಿಟ್ಟುಬಿಡಬಾರದೇ? ಬಿಟ್ಟು ನೋಡಿದ್ದಾಗಿದೆ. ವಾರ್‌ಕ್ರಾಫ್ಟ್‌ನ 2018ರ ವಿಸ್ತರಣೆ ಬ್ಯಾಟಲ್ ಫಾರ್ ಅಜೆರಾತ್‌ನಲ್ಲಿ, ನಾಯಕರೇ ಹಂಚುವ ಮಾಸ್ಟರ್ ಲೂಟ್ ತೆಗೆದು ಪ್ರತಿಯೊಬ್ಬರಿಗೂ ಪ್ರತ್ಯೇಕ ಲೂಟ್ ಮಾಡಿದರು. ಜಗಳ ಇಳಿಯಿತು, ಆದರೆ ಬೇಕಾದವರಿಗೆ ಬೇಕಾದದ್ದನ್ನು ಕೊಡುವ ಅಧಿಕಾರ ತಂಡದ ಕೈತಪ್ಪಿತು. 2022ರ ವಿಸ್ತರಣೆ ಡ್ರ್ಯಾಗನ್‌ಫ್ಲೈಟ್‌ನಲ್ಲಿ ರೇಡ್‌ಗಳಿಗೆ, ಬೇಕಾದವರು ರೋಲ್ ಮಾಡುವ ಗುಂಪಿನ ಲೂಟ್ ಮರಳಿ ಬಂತು.

ಕೊನೆಯದಾಗಿ ರೇಡ್ ನಾಯಕರಿಗೆ. ನಿಮಗೆ ಬೇಕಾದ ವಸ್ತು ಬಿದ್ದಾಗ ತೀರ್ಮಾನ ನೀವು ಮಾಡಬೇಡಿ. ಕೌನ್ಸಿಲ್‌ನಲ್ಲಿದ್ದರೆ ಆ ಒಂದು ವಸ್ತುವಿಗೆ ಹೊರಗೆ ಕುಳಿತು, ನಿಮ್ಮ ಜಾಗಕ್ಕೆ ಇನ್ನೊಬ್ಬರನ್ನು ಕೂರಿಸಿ. ಈ ನಿಯಮವನ್ನು ಈ ವಾರದ ರೇಡ್‌ಗೆ ಮೊದಲೇ ಹಾಳೆಯ ಮೊದಲ ಸಾಲಿನಲ್ಲಿ ಬರೆದು ಎಲ್ಲರಿಗೂ ಕಳಿಸಿ.