ಇಳಿತದ ಹೊತ್ತು ಕೇಳಿಕೊಂಡು ಹೊರಡಿ

ಎಲ್ಲರಿಗೂ ನಮಸ್ಕಾರ. ಸೋಮನಾಥ, ದ್ವಾರಕೆ ಅಂತ ಗುಜರಾತ್ ಪ್ರವಾಸಕ್ಕೆ ದುಡ್ಡು ಕಟ್ಟಿದವರು ತುಂಬ ಜನ ಈ ಮಾತು ಕೇಳುತ್ತಿದ್ದೀರಿ. ನಿಮ್ಮ ಪಟ್ಟಿಯಲ್ಲಿ ಭಾವನಗರದ ಹತ್ತಿರದ ಕೋಳಿಯಾಕ್ ಇದ್ದರೆ ಸ್ವಲ್ಪ ಕಿವಿಗೊಡಿ. ಅಲ್ಲಿ ನಿಷ್ಕಳಂಕ ಮಹಾದೇವ ಇರುವುದು ಸಮುದ್ರದ ಒಳಗೆ. ಒಂದು ಜಗಲಿ, ಅದರ ಮೇಲೆ ಐದು ಲಿಂಗ, ಎತ್ತರದ ಧ್ವಜ. ಇಳಿತದಲ್ಲಿ ನಡೆದೇ ಹೋಗಬಹುದು. ಉಬ್ಬರ ಬಂದರೆ ಜಗಲಿಯೂ ಮುಳುಗುತ್ತದೆ.

ನಾನು ಹೇಳುವುದು ಒಂದೇ ಮಾತು. ಆ ದಿನದ ಇಳಿತದ ಹೊತ್ತು ಕೇಳಿಕೊಂಡು ಹೊರಡಿ.

ಮಂಗಳೂರು, ಕಾರವಾರದವರು "ನಮಗೆ ಸಮುದ್ರ ಹೊಸದಾ?" ಅನ್ನುತ್ತೀರಿ. ಅಲ್ಲ, ಒಪ್ಪಿದೆ. ಆದರೆ ನಮ್ಮ ಕಡೆ ನೀರು ಏರಿಳಿಯುವುದು ಹೆಚ್ಚೆಂದರೆ ಎರಡು ಮೀಟರ್ ಆಸುಪಾಸು. ಭಾವನಗರದಲ್ಲಿ 10 ಮೀಟರಿಗೂ ಜಾಸ್ತಿ! ಅಲ್ಲಿನ ಖಂಭಾತ್ ಕೊಲ್ಲಿ ಆಲಿಕೆಯ ಹಾಗೆ ಒಳಗೊಳಗೆ ಕಿರಿದಾಗುತ್ತದೆ. ನುಗ್ಗಿದ ನೀರು ಮೇಲೇರಲೇಬೇಕು. ಅಮಾವಾಸ್ಯೆ, ಹುಣ್ಣಿಮೆಗೆ ಇನ್ನೂ ಜೋರು.

ಅಲ್ಲಿ ನಾನು ಕಂಡದ್ದು ಹೇಳುತ್ತೇನೆ. ನಮ್ಮ ಕಡೆಯ ಒಂದು ಬಸ್ಸು ಬೆಳಿಗ್ಗೆ ಹನ್ನೊಂದಕ್ಕೆ ಬಂತು. ನೋಡಿದರೆ ನೀರೋ ನೀರು, ಧ್ವಜ ಮಾತ್ರ ಕಾಣುತ್ತಿದೆ. "ದೇವರೆಲ್ಲಿ?" ಅಂತ ಮ್ಯಾನೇಜರ ಮೇಲೆ ಎಲ್ಲರೂ ಮುಗಿಬಿದ್ದರು. ಪಾಪ, ಆತ ಹಿಂದಿನ ವಾರದ ತಂಡದ ಸಮಯವನ್ನೇ ಬರೆದುಕೊಂಡಿದ್ದ. ಇಳಿತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ. ಏಳು ದಿನಕ್ಕೆ ಎಷ್ಟಾಯಿತು? ಹತ್ತಿರ ಹತ್ತಿರ ಆರು ಗಂಟೆ. ಹೋದ ವಾರ ಇಳಿತ ಇದ್ದ ಹೊತ್ತಿಗೆ ಈ ವಾರ ಸರಿಯಾಗಿ ಉಬ್ಬರ! ಒಬ್ಬ ಅಜ್ಜ ಪಂಚೆ ಎತ್ತಿ ಕಟ್ಟಿ ಇಳಿದೇಬಿಟ್ಟಿದ್ದರು, ಹೂವು ಮಾರುವ ಹೆಂಗಸು ತೋಳು ಹಿಡಿದು ಎಳೆದಳು. ಸಂಜೆ ನೀರು ಸರಿಯಿತು. ಎಲ್ಲರೂ ಕೆಸರು ತುಳಿಯುತ್ತ ಹೋದರು. ಆ ಹೆಂಗಸೂ ಬುಟ್ಟಿ ಹೊತ್ತು ಹೋದಳು. ಸ್ವಲ್ಪ ಹೊತ್ತಿಗೆ ಬುಟ್ಟಿ ಕಟ್ಟಿ, "ಚಲೋ ಚಲೋ" ಅಂದಳು. ಹಿರಿಯರು ಹೊರಟರು. ನಾಲ್ಕು ಹುಡುಗರು ಮಾತ್ರ ಸೆಲ್ಫಿಯಲ್ಲೇ. ಅವರ ಮುಂದೆ ಸಮುದ್ರ ಇನ್ನೂ ದೂರವೇ ಇತ್ತು. ಆದರೆ ಹಿಂದೆ, ದಡದ ಕಡೆಯ ತಗ್ಗಿನಲ್ಲಿ, ನೀರು ಆಗಲೇ ಸದ್ದಿಲ್ಲದೆ ಹರಿಯುತ್ತಿತ್ತು. ಹೋಗುವಾಗ ಬರೀ ಕೆಸರಿದ್ದ ಜಾಗ, ಬರುವಾಗ ಮೊಣಕಾಲಿನ ತನಕ. ಚಪ್ಪಲಿ ಹೋಯಿತು, ಜೀವ ಉಳಿಯಿತು.

ನೀರು ಬರುವುದು ಎದುರಿನಿಂದಲೇ ಅಂತ ಯಾರು ಹೇಳಿದರೋ! ತಗ್ಗು ಮೊದಲು ತುಂಬುತ್ತದೆ. ಅದಕ್ಕೇ ಇಳಿತದ ಹೊತ್ತು ತಿಳಿದಿರಬೇಕು ಅನ್ನುವುದು. ನೀರು ಸರಿಯುತ್ತಿರುವಾಗಲೇ ಹೋಗಿ, ಮರಳಿ ತಿರುಗುವ ಮುಂಚೆ ದಡಕ್ಕೆ ಬನ್ನಿ. ಸರ್ವೆ ಆಫ್ ಇಂಡಿಯಾ ಪ್ರತಿ ವರ್ಷ ಉಬ್ಬರ-ಇಳಿತದ ಪಟ್ಟಿ ಪ್ರಕಟಿಸುತ್ತದೆ. ಅದೂ ಬೇಡ, ಹಿಂದಿನ ದಿನ ಅಲ್ಲಿನ ಅಂಗಡಿಯವರಿಗೆ ಫೋನ್ ಮಾಡಿಸಿ, ಸಾಕು.

ಇನ್ನೂ ಹೇಳುವುದಿತ್ತು, ಸಮಯ ಆಗ್ತಾ ಬಂತು. ಜಗಲಿ ಪಾಚಿಯಿಂದ ಜಾರುತ್ತದೆ, ಮಕ್ಕಳ ಕೈ ಬಿಡಬೇಡಿ. ಮುಂಬಯಿಯ ಕನ್ನಡಿಗರೇ, ಹಾಜಿ ಅಲಿ ದರ್ಗಾದ ದಾರಿಯೂ ಉಬ್ಬರದಲ್ಲಿ ಮುಳುಗುತ್ತದೆ, ಮಳೆಗಾಲದಲ್ಲಿ ಅಲೆಯೂ ಸೇರುತ್ತದೆ. ಅಲ್ಲಿಗೂ ಇದೇ ಮಾತು. ಸಿಕ್ಕಿಹಾಕಿಕೊಂಡರೆ 112, ಇಲ್ಲವೇ ಕರಾವಳಿ ರಕ್ಷಣಾ ಪಡೆಯ 1554. ಈಗಲೇ ಫೋನಿನಲ್ಲಿ ಸೇರಿಸಿಕೊಳ್ಳಿ, ಆಮೇಲೆ ಅಂದರೆ ಮರೆಯುತ್ತೀರಿ. ನಮಸ್ಕಾರ.