ಪಾಟಾ ಏರಿಸುವ ಮುನ್ನ: ಹಳೆಯ ಸ್ಪೋರ್ಟ್ಸ್ ಕಾರಿನ ಸ್ಪ್ರಿಂಗು ಮತ್ತು ಶಾಕ್ ಅಬ್ಸಾರ್ಬರ್

ಎಲ್ಲರಿಗೂ ನಮಸ್ಕಾರ. ಬಳ್ಳಾರಿಯಲ್ಲಿ ನಿಂತು ಸ್ಪ್ರಿಂಗಿನ ಬಗ್ಗೆ ಮಾತನಾಡುವುದು ಸುಲಭವಲ್ಲ. ಅದಿರಿನ ಲಾರಿಯ ಪಾಟಾ (ಉಕ್ಕಿನ ಎಲೆಗಳನ್ನು ಒಂದರ ಮೇಲೊಂದು ಜೋಡಿಸಿದ ಸ್ಪ್ರಿಂಗು) ಬಿಚ್ಚಿ, ಕಾಯಿಸಿ, ಬಾಗಿಸಿ ಮತ್ತೆ ಕಟ್ಟಿದ ಎಷ್ಟೋ ಹಿರಿಯರು ಈ ಸಭೆಯಲ್ಲಿದ್ದಾರೆ. ಆ ಕೆಲಸದ ಮೇಲೆ ನನಗೆ ಅಪಾರ ಗೌರವವಿದೆ. ಆದರೆ ಅದೇ ಕೆಲಸವನ್ನು ಸುಮಾರು 700 ಕಿಲೋ ತೂಗುವ ಹಳೆಯ ಸ್ಪೋರ್ಟ್ಸ್ ಕಾರಿನ ಮೇಲೂ ಮಾಡುತ್ತಿದ್ದೇವಲ್ಲ, ಅದನ್ನು ನಿಲ್ಲಿಸಿ ಎಂದು ಕೇಳಿಕೊಳ್ಳಲು ಬಂದಿದ್ದೇನೆ. ಆಟೊಮೊಬೈಲ್ ಡಿಪ್ಲೊಮಾ ಓದುತ್ತಿರುವ ಮಕ್ಕಳೂ ಮುಂದಿನ ಸಾಲಿನಲ್ಲಿದ್ದಾರೆ. ನೀವು ಸ್ವಲ್ಪ ಲೆಕ್ಕಕ್ಕೂ ತಯಾರಾಗಿರಿ.

ಕಾರು ಟ್ರಯಂಫ್ ಸ್ಪಿಟ್‌ಫೈರ್. ಇಂಗ್ಲೆಂಡಿನಲ್ಲಿ 1962ರಲ್ಲಿ ಬಂದದ್ದು. ಮದ್ರಾಸಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್ ಹಿರಿಯರಿಗೆ ನೆನಪಿರುತ್ತದೆ. ಆ ಹೆರಾಲ್ಡ್‌ನ ಚಾಸಿಯನ್ನೇ ಗಿಡ್ಡ ಮಾಡಿ ಇದನ್ನು ಕಟ್ಟಿದರು. ಮುಂದೆ ಕಾಯಿಲ್ ಸ್ಪ್ರಿಂಗು, ಅದರೊಳಗೇ ಶಾಕ್. ಹಿಂದೆ ಕಾರಿನ ಅಡ್ಡಕ್ಕೆ ಮಲಗಿಸಿದ ಒಂದೇ ಪಾಟಾ. ಹಿಂದಿನ ಆಕ್ಸಲ್ ಎರಡು ತುಂಡು. ಎರಡೂ ಡಿಫರೆನ್ಷಿಯಲ್ ಪಕ್ಕದಲ್ಲಿ, ಅಂದರೆ ಎರಡು ಚಕ್ರಗಳಿಗೆ ಶಕ್ತಿ ಹಂಚುವ ನಡುವಿನ ಗೇರು ಪೆಟ್ಟಿಗೆಯ ಪಕ್ಕದಲ್ಲಿ ಮಾತ್ರ ಮಡಚುತ್ತವೆ. ಹಾಗಾಗಿ ಚಕ್ರ ಮೇಲೆ ಕೆಳಗೆ ಹೋದಂತೆಲ್ಲ ಅದರ ವಾಲು ಬದಲಾಗುತ್ತದೆ. ಈ ಸಂಗತಿ ಮನಸ್ಸಿನಲ್ಲಿರಲಿ.

ಹೊಸಪೇಟೆಯ ಕಡೆಯ ಮಾಲೀಕರೊಬ್ಬರಿಗೆ ಅಂಥ ಕಾರಿತ್ತು. ಪ್ರತಿ ಊರಿನ ಹಂಪ್ಸ್ ಮೇಲೂ ಸೈಲೆನ್ಸರ್ ಉಜ್ಜುತ್ತಿತ್ತು. ನಮ್ಮ ಕಡೆಯ ಹಂಪ್ಸ್ ನಿಮಗೆ ಗೊತ್ತು. ಹಬ್ಬಕ್ಕೊಂದು, ಜಾತ್ರೆಗೊಂದು ಎಂಬಂತೆ ಏಳುತ್ತವೆ, ಬಣ್ಣವನ್ನಂತೂ ಕಾಣುವುದಿಲ್ಲ. ಅವರು ಗ್ಯಾರೇಜೊಂದಕ್ಕೆ ಹೋದರು. ಪಾಟಾಕ್ಕೆ ಇನ್ನೊಂದು ಎಲೆ ಸೇರಿಸಿ, ಬಾಗು ಹೆಚ್ಚಿಸಿ, ಹಿಂಭಾಗವನ್ನು ಏರಿಸಿಕೊಟ್ಟರು. ಲಾರಿಗೆ ಇದು ಸರಿಯಾದ ಉಪಚಾರ. ಈ ಕಾರಿನಲ್ಲಿ ಹಿಂಭಾಗ ಏರಿದ ಕೂಡಲೇ ಎರಡೂ ಚಕ್ರಗಳ ಬುಡ ಒಳಕ್ಕೆ ಸರಿಯಿತು. ಟೈರು ಹೊರ ಅಂಚಿನ ಮೇಲೆ ನಿಂತಿತು.

ಒಂದು ದಿನ ಸಂಡೂರಿನ ತಿರುವುಗಳಲ್ಲಿ ಇಳಿಯುವಾಗ ಎದುರಿಗೆ ಅದಿರಿನ ಲಾರಿ ಬಂತು. ತಿರುವಿನ ನಡುವೆಯೇ ಆಕ್ಸಿಲರೇಟರ್‌ನಿಂದ ಕಾಲು ತೆಗೆದರು. ತೂಕ ಮುಂದಕ್ಕೆ ಸರಿಯಿತು, ಹಿಂಭಾಗ ಇನ್ನಷ್ಟು ಎದ್ದಿತು, ಹೊರಬದಿಯ ಚಕ್ರ ಒಳಕ್ಕೆ ಮಡಚಿಕೊಂಡಿತು. ಕಾರು ಸುತ್ತಿ ಗುಡ್ಡದ ಬದಿಯ ಚರಂಡಿಗೆ ಹೋಗಿ ನಿಂತಿತು. ಪುಣ್ಯಕ್ಕೆ ಕಂದಕ ಇನ್ನೊಂದು ಬದಿಗಿತ್ತು. ಯಾರಿಗೂ ಪೆಟ್ಟಾಗಲಿಲ್ಲ.

ಕಾರನ್ನು ಬಿಚ್ಚಿ ನೋಡಿದಾಗ ಕಂಡದ್ದನ್ನು ಹೇಳುತ್ತೇನೆ. ಹಿಂದಿನ ಎರಡೂ ಶಾಕ್‌ಗಳಲ್ಲಿ ಎಣ್ಣೆಯೇ ಇರಲಿಲ್ಲ. ಚಕ್ರ ಪೂರ್ತಿ ಮೇಲೆದ್ದಾಗ ಪೆಟ್ಟು ತಡೆಯುವ ಬಂಪ್ ಸ್ಟಾಪ್ ರಬ್ಬರ್ ಪುಡಿಯಾಗಿತ್ತು. ಅಂದರೆ ಪಾಟಾ ಏರಿಸುವ ಮುನ್ನ, ನಿಂತಾಗ ಕಾರಿನ ಎತ್ತರ ಸರಿಯಾಗಿಯೇ ಇತ್ತು. ಹಂಪ್ಸ್ ದಾಟಿದ ಮೇಲೆ ತಡೆಯುವವರಿಲ್ಲದೆ ಕುಣಿದು ಕೆಳಕ್ಕೆ ಬಡಿಯುತ್ತಿತ್ತು. ಹಾಳಾದದ್ದು ಶಾಕ್, ಶಿಕ್ಷೆ ಪಾಟಾಕ್ಕೆ! ಸ್ಪ್ರಿಂಗು ತೂಕ ಹೊರುತ್ತದೆ, ಶಾಕ್ ಕುಣಿತ ತಡೆಯುತ್ತದೆ. ಒಂದರ ರೋಗಕ್ಕೆ ಇನ್ನೊಂದಕ್ಕೆ ಮದ್ದು ಕೊಡಬೇಡಿ. ಹಳೆಯ ಬಾಗಿನ ಪಾಟಾ, ಹೊಸ ಶಾಕ್, ಹೊಸ ರಬ್ಬರ್ ಹಾಕಿ, ಸೈಲೆನ್ಸರನ್ನು ಸ್ವಲ್ಪ ಮೇಲಕ್ಕೆ ಕಟ್ಟಿದ ಮೇಲೆ ಉಜ್ಜುವುದು ಬಹುಮಟ್ಟಿಗೆ ನಿಂತಿತು. ತಯಾರಕರಿಗೂ ಈ ಆಕ್ಸಲಿನ ದೋಷ ಗೊತ್ತಿತ್ತು. 1970ರ ಮಾರ್ಕ್ 4 ಮಾದರಿಯಲ್ಲಿ ಪಾಟಾದ ಹೆಚ್ಚಿನ ಎಲೆಗಳು ನಡುವಿನ ಕೀಲಿನ ಮೇಲೆ ತೊನೆಯುವಂತೆ ಬದಲಿಸಿದರು.

ಈಗ ಮಕ್ಕಳಿಗೆ ಹೇಳಿದ ಲೆಕ್ಕ. ಬಳ್ಳಾರಿಯಿಂದ ಸಿರುಗುಪ್ಪ ದಾಟಿ ಸಿಂಧನೂರಿಗೆ ಹೋಗಿ. ಎರೆಮಣ್ಣಿನ ನೆಲ. ಮಳೆಗೆ, ಕಾಲುವೆ ನೀರಿಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಮೇಲಿನ ಡಾಂಬರು ನುಣುಪಾಗಿದ್ದರೂ ರಸ್ತೆ ಉದ್ದುದ್ದ ಅಲೆಯಾಗುತ್ತದೆ. ಒಂದು ಉಬ್ಬಿನಿಂದ ಇನ್ನೊಂದಕ್ಕೆ 15 ಮೀಟರ್ ಎಂದಿಟ್ಟುಕೊಳ್ಳಿ. ನಿಮ್ಮ ಕಾರಿನ ಮೈ ಸೆಕೆಂಡಿಗೆ 1.3 ಬಾರಿ ತಾನಾಗಿ ತೂಗುವಂಥದ್ದು ಎಂದಿಟ್ಟುಕೊಳ್ಳಿ. ಎರಡನ್ನೂ ಗುಣಿಸಿದರೆ ಸೆಕೆಂಡಿಗೆ 19.5 ಮೀಟರ್, ಅಂದರೆ ಗಂಟೆಗೆ 70 ಕಿಲೋಮೀಟರ್. ಆ ವೇಗದಲ್ಲಿ ಪ್ರತಿ ಅಲೆಯೂ ಹಿಂದಿನ ಕುಣಿತಕ್ಕೆ ಇನ್ನೊಂದು ನೂಕು ಕೊಡುತ್ತದೆ. ಆಗ ಎಲ್ಲರೂ ಹೇಳುವುದೇನು? "ಸ್ಪ್ರಿಂಗು ಮೆತ್ತಗಾಗಿದೆ, ಗಟ್ಟಿ ಹಾಕಿಸಿ." ಶೇಕಡಾ 30 ಗಟ್ಟಿ ಹಾಕಿಸಿದಿರಿ. ತೂಗುವ ವೇಗ ಬಿಗಿತದ ವರ್ಗಮೂಲದ ಪ್ರಕಾರ ಏರುವುದರಿಂದ 1.3 ಹೋಗಿ ಸುಮಾರು 1.5 ಆಗುತ್ತದೆ. 70ರಲ್ಲಿ ಕುಣಿಯುತ್ತಿದ್ದ ಕಾರು 80ರಲ್ಲಿ ಕುಣಿಯುತ್ತದೆ! ಹಣ ಕೊಟ್ಟು ಅಪಾಯವನ್ನು ಇನ್ನೂ ಹೆಚ್ಚಿನ ವೇಗಕ್ಕೆ ಸಾಗಿಸಿದಿರಿ, ಅಷ್ಟೇ. ಜೊತೆಗೆ, ಹಳೆಯ ಸ್ಪ್ರಿಂಗಿಗೆ ಸಾಲುತ್ತಿದ್ದ ಶಾಕ್ ಈ ಗಟ್ಟಿ ಸ್ಪ್ರಿಂಗಿಗೆ ಸಾಲುವುದಿಲ್ಲ. ಹಿಗ್ಗುವಾಗ ಚೆನ್ನಾಗಿ ಹಿಡಿಯುವ ಶಾಕ್ ಹಾಕಿದ್ದರೆ ಹಳೆಯ ಸ್ಪ್ರಿಂಗಿನಲ್ಲೇ ಕುಣಿತ ಅಡಗುತ್ತಿತ್ತು.

ಆದ್ದರಿಂದ ಶಾಕ್ ಕೊಳ್ಳುವಾಗ ಮೊದಲು ಕೇಳಬೇಕಾದದ್ದು, ಯಾವ ರಸ್ತೆಗೆ? ರೇಸಿನ ಟ್ರ್ಯಾಕಿಗೆ ಹೊಂದಿಸಿದ್ದನ್ನು ಸಿರುಗುಪ್ಪ ರಸ್ತೆಗೆ ತರಬೇಡಿ. ಕೋನಿ, ಗ್ಯಾಜ್ ಎಂಬ ಎರಡು ಶಾಕ್ ಕಂಪನಿಗಳಿವೆ. ಕೋನಿಯ ಹೊಂದಿಸಬಹುದಾದ ಸಾಮಾನ್ಯ ಶಾಕ್‌ಗಳಲ್ಲಿ ಹಿಗ್ಗುವ ಹಿಡಿತವನ್ನು ಮಾತ್ರ ಬದಲಿಸಬಹುದು. ಗ್ಯಾಜ್‌ನಲ್ಲಿ ಒಂದೇ ನಾಬ್ ಹಿಗ್ಗುವುದನ್ನೂ ಕುಗ್ಗುವುದನ್ನೂ ಒಟ್ಟಿಗೆ ಬಿಗಿ ಮಾಡುತ್ತದೆ. ನಮ್ಮ ಅಲೆಯ ರಸ್ತೆಗೆ ಮೊದಲನೆಯದು ಮೇಲು ಎಂಬುದು ನನ್ನ ಅಭಿಪ್ರಾಯ. ಅಲೆಯಲ್ಲಿ ಹಿಡಿತ ಸಿಗುತ್ತದೆ, ಗುಂಡಿಯಲ್ಲಿ ಸೊಂಟವೂ ಉಳಿಯುತ್ತದೆ. ಬೇಸಿಗೆಯಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ, ಶಾಕ್‌ನ ಎಣ್ಣೆ ತೆಳುವಾಗುತ್ತದೆ, ಒಂದೇ ಸಮನೆ ಕುಲುಕಿದರೆ ನೊರೆಯೂ ಏಳುತ್ತದೆ. ಗ್ಯಾಸ್ ಒತ್ತಡವಿರುವ ಶಾಕ್‌ನಲ್ಲಿ ನೊರೆ ಕಡಿಮೆ.

ಸಮಯವಾಯಿತೆಂದು ಅಧ್ಯಕ್ಷರು ಗಡಿಯಾರ ತೋರಿಸುತ್ತಿದ್ದಾರೆ. ಕಾಯಿಲ್ ಸ್ಪ್ರಿಂಗಿನ ವಿಷಯ ಇನ್ನೂ ಉಳಿದಿದೆ, ಬೇಗ ಹೇಳುತ್ತೇನೆ. ಕಾರು ತಗ್ಗಿಸಲು ಸ್ಪ್ರಿಂಗು ಕತ್ತರಿಸಬೇಡಿ. ಎಂಟು ಸುತ್ತಿನಲ್ಲಿ ಒಂದನ್ನು ಕತ್ತರಿಸಿದರೆ ಬಿಗಿತ ಶೇಕಡಾ 14 ಏರುತ್ತದೆ, ಕತ್ತರಿಸಿದ ತುದಿ ಸ್ಪ್ರಿಂಗು ಕೂರುವ ತಟ್ಟೆಯಲ್ಲಿ ನೆಟ್ಟಗೆ ಕೂರುವುದಿಲ್ಲ, ಕುಗ್ಗಲು ಜಾಗವೂ ಉಳಿಯುವುದಿಲ್ಲ. "ನೋಡಲು ಒಂದೇ ಥರ ಇದೆ" ಎಂದು ಗುಜರಿಯಿಂದ ತಂದ ಸ್ಪ್ರಿಂಗನ್ನೂ ಹಾಕಬೇಡಿ. ಸುತ್ತು, ಅಗಲ ಒಂದೇ ಇದ್ದರೂ ತಂತಿ 10 ಮಿಲಿಮೀಟರ್ ಬದಲು 11 ಆದರೆ ಬಿಗಿತ ಸುಮಾರು ಒಂದೂವರೆ ಪಟ್ಟಾಗುತ್ತದೆ. ಕಣ್ಣಿಗೆ ಅದು ಕಾಣದು, ಕ್ಯಾಲಿಪರ್ ಇಟ್ಟು ಅಳೆಯಿರಿ.

ಇನ್ನು ಎರಡೇ ಮಾತು. ಕೀಲುಗಳಲ್ಲಿರುವ ರಬ್ಬರ್ ಬುಷ್‌ಗಳ ಬೋಲ್ಟನ್ನು ಕಾರು ಜ್ಯಾಕ್ ಮೇಲಿದ್ದಾಗ ಬಿಗಿಯಬೇಡಿ. ಚಕ್ರದ ಮೇಲೆ ಇಳಿಸಿ, ತೂಕ ಬಿದ್ದ ಮೇಲೆ ಬಿಗಿಯಿರಿ, ಇಲ್ಲವಾದರೆ ರಬ್ಬರ್ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಸ್ಪಿಟ್‌ಫೈರ್‌ನ ಮುಂದಿನ ಶಾಕ್ ಬಿಚ್ಚುವಾಗ ಸ್ಪ್ರಿಂಗ್ ಕಂಪ್ರೆಸರ್ ಹಾಕದೆ ಮೇಲಿನ ನಟ್‌ಗೆ ಸ್ಪಾನರ್ ಹಚ್ಚಲೇಬೇಡಿ. ಅದುಮಿಟ್ಟ ಸ್ಪ್ರಿಂಗು ಹಾರಿದರೆ ಕೈ, ಮುಖ ಉಳಿಯುವುದಿಲ್ಲ. ಚೀಟಿಯಲ್ಲಿ ಪ್ರಶ್ನೆ ಬರೆದವರು ಕಾರಿನ ಮಾದರಿ, ವರ್ಷ, ಮತ್ತು ದಿನವೂ ಓಡಾಡುವ ರಸ್ತೆ ಯಾವುದೆಂದು ಸೇರಿಸಿ ಕೊಡಿ, ಊಟದ ನಂತರ ಒಂದೊಂದಾಗಿ ನೋಡೋಣ.