ಮೊದಲು ದೂರು, ಆಮೇಲೆ ಮಾತು

ಕೇಳುಗರೆಲ್ಲರಿಗೂ ನಮಸ್ಕಾರ. ರಸ್ತೆ ಅಪಘಾತದ ಪರಿಹಾರದ ಬಗ್ಗೆ ನಾಲ್ಕು ಮಾತಾಡಿ ಎಂದು ಆಕಾಶವಾಣಿಯವರು ಕರೆದಿದ್ದಾರೆ. ನಾನು ಹೇಳಬೇಕಾದದ್ದು ಒಂದೇ. ಅಪಘಾತವಾದರೆ ಪೊಲೀಸ್ ಠಾಣೆಗೆ ದೂರು ಕೊಡುವ ಮುಂಚೆ ಯಾರ ಜೊತೆಗೂ ರಾಜಿ ಮಾಡಿಕೊಳ್ಳಬೇಡಿ.

"ಪಾಪ, ಲಾರಿ ಮಾಲೀಕ ಅಷ್ಟು ದುಡ್ಡು ಎಲ್ಲಿಂದ ತಂದಾನು" ಅನ್ನುತ್ತೀರಿ. ದುಡ್ಡು ಕೊಡುವುದು ಮಾಲೀಕನಲ್ಲ, ವಿಮಾ ಕಂಪನಿ. ಥರ್ಡ್ ಪಾರ್ಟಿ ಇನ್ಶೂರೆನ್ಸ್, ಅಂದರೆ ಗಾಡಿಯಿಂದ ಬೇರೆಯವರಿಗಾಗುವ ಹಾನಿಗೆ ಮಾಡಿಸುವ ವಿಮೆ, ಇಲ್ಲದೆ ಯಾವ ಗಾಡಿಯನ್ನೂ ರಸ್ತೆಗೆ ಇಳಿಸುವಂತಿಲ್ಲ. ಅದಿರುವುದೇ ನಿಮಗೋಸ್ಕರ.

ನನ್ನ ಕಚೇರಿಗೆ ಬಂದ ಒಬ್ಬ ಹೆಣ್ಣುಮಗಳ ವಿಷಯ ಹೇಳುತ್ತೇನೆ. ಗಂಡ ಗಾರೆ ಕೆಲಸದವರು, ವಯಸ್ಸು ಮೂವತ್ನಾಲ್ಕು. ಸಂಜೆ ಕೆಲಸ ಮುಗಿಸಿ ಬರುವಾಗ ಹಿಂದಿನಿಂದ ಟಿಪ್ಪರ್ ಗುದ್ದಿ ತೀರಿಕೊಂಡರು. ಮೂರನೇ ದಿನಕ್ಕೇ ಊರಿನ ಹಿರಿಯರನ್ನು ಮುಂದಿಟ್ಟುಕೊಂಡು ಟಿಪ್ಪರ್ ಕಡೆಯವರು ಮನೆಗೆ ಬಂದರು. ಕೈಯಲ್ಲಿ ಒಂದು ಲಕ್ಷ, ಜೊತೆಗೊಂದು ಛಾಪಾ ಕಾಗದ. "ಕೋರ್ಟು ಅಂದ್ರೆ ಹತ್ತು ವರ್ಷ ಅಲೆಯಬೇಕಮ್ಮ, ಇಷ್ಟು ಇಟ್ಕೊಂಡು ಸಹಿ ಹಾಕು" ಅಂದರಂತೆ. ಆಕೆಯ ತಮ್ಮ ಅಪಘಾತವಾದ ರಾತ್ರಿಯೇ ದೂರು ಕೊಟ್ಟಿದ್ದ, ಎಫ್‌ಐಆರ್ ಆಗಿತ್ತು. ಅತ್ತೆ ಆ ಕಾಗದವನ್ನು ಮುಟ್ಟಲೂ ಬಿಡಲಿಲ್ಲ.

ಕೋರ್ಟಿನಲ್ಲಿ ವಿಮಾ ಕಂಪನಿ ವಕೀಲರು, "ಇವರಿಗೆ ಆದಾಯ ಇತ್ತು ಅನ್ನುವುದಕ್ಕೆ ಪುರಾವೆ ಎಲ್ಲಿ?" ಅಂದರು. ಮೇಸ್ತ್ರಿ ತಮ್ಮ ಲೆಕ್ಕದ ಪುಸ್ತಕ ತಂದರು. ಮಡಚಿ ಮಡಚಿ ಅಂಚು ಹರಿದಿತ್ತು, ಹಾಳೆಗಳ ಮೇಲೆ ಸಿಮೆಂಟಿನ ಬೆರಳ ಗುರುತು. ಪ್ರತಿ ಶನಿವಾರ ಕೊಟ್ಟ ಬಟವಾಡೆ ಹೆಸರು ಸಮೇತ ಅದರಲ್ಲಿತ್ತು. ಅವರೇ ಕಟಕಟೆಗೆ ಬಂದು ಸಾಕ್ಷಿಯನ್ನೂ ಹೇಳಿದರು. ನ್ಯಾಯಾಧೀಶರು ತಿಂಗಳಿಗೆ 15,000 ರೂಪಾಯಿ ಆದಾಯ ಎಂದು ಒಪ್ಪಿಕೊಂಡರು.

ಈಗ ಲೆಕ್ಕ ಕೇಳಿ. ಸುಪ್ರೀಂ ಕೋರ್ಟ್ 2009ರ ಸರಳಾ ವರ್ಮಾ ಮತ್ತು 2017ರ ಪ್ರಣಯ್ ಸೇಠಿ ತೀರ್ಪುಗಳಲ್ಲಿ ಇದಕ್ಕೆ ಸೂತ್ರ ಕೊಟ್ಟಿದೆ. ನಲವತ್ತರ ಒಳಗಿನ ಕೂಲಿಕಾರರಿಗೆ ಮುಂದಿನ ದುಡಿಮೆಗೆಂದು ಶೇ. 40 ಸೇರಿಸಬೇಕು, 21,000 ಆಯಿತು. ಮನೆಯಲ್ಲಿ ಅವರನ್ನೇ ನಂಬಿದ್ದವರು ನಾಲ್ವರು: ಹೆಂಡತಿ, ಇಬ್ಬರು ಮಕ್ಕಳು, ತಾಯಿ. ಹಾಗಾಗಿ ಅವರ ಸ್ವಂತ ಖರ್ಚಿಗೆಂದು ಕಾಲು ಭಾಗ ಕಳೆದರೆ 15,750. ವರ್ಷಕ್ಕೆ 1,89,000. ಆ ವಯಸ್ಸಿಗೆ ಗುಣಕ, ಅಂದರೆ ವರ್ಷದ ಮೊತ್ತವನ್ನು ಗುಣಿಸುವ ಸಂಖ್ಯೆ, 16. ಒಟ್ಟು 30,24,000 ರೂಪಾಯಿ! ಮೇಲೆ ಅಂತ್ಯಕ್ರಿಯೆ ಖರ್ಚು, ಬಡ್ಡಿ ಬೇರೆ. ಮಕ್ಕಳ ಪಾಲನ್ನು ನ್ಯಾಯಮಂಡಳಿ, ಅಂದರೆ ಅಪಘಾತ ಪರಿಹಾರದ ಈ ಕೋರ್ಟು, ಬ್ಯಾಂಕಿನಲ್ಲಿ ಠೇವಣಿ ಇಡಿಸಿತು. ಮನೆ ಬಾಗಿಲಿಗೆ ಬಂದದ್ದು ಒಂದು ಲಕ್ಷ, ಇದು ಮೂವತ್ತು ಲಕ್ಷ. ದೂರು ಕೊಡದೆ ಸಹಿ ಹಾಕಿದ್ದರೆ?

ಈ ಕೇಸಿನ ಬಗ್ಗೆ ಮಾತು ಬೆಳೆದುಬಿಟ್ಟಿತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಗಾಯವಾಗಿದ್ದರೆ, ಆಸ್ಪತ್ರೆಯಲ್ಲಿ ದಯವಿಟ್ಟು "ಗಾಡಿಯಿಂದ ತಾನೇ ಬಿದ್ದ" ಎಂದು ಬರೆಸಬೇಡಿ. ಯಾವ ಗಾಡಿ ಗುದ್ದಿತು, ಎಲ್ಲಿ, ಎಷ್ಟು ಹೊತ್ತಿಗೆ ಎಂದು ಹೇಳಿ, ಎಂಎಲ್‌ಸಿ, ಅಂದರೆ ಪೊಲೀಸರಿಗೆ ತಿಳಿಸಬೇಕಾದ ಕೇಸು ಎಂಬ ಆಸ್ಪತ್ರೆಯ ದಾಖಲೆ, ಮಾಡಿಸಿ. ಎಷ್ಟು ಸಲ ಹೇಳಿದರೂ ಜನ ಇದನ್ನು ಕೇಳುವುದಿಲ್ಲ. ಆ ಒಂದು ಸಾಲಿನಿಂದ ಕೇಸು ಬಿದ್ದುಹೋಗುವುದನ್ನು ನೋಡಿ ನೋಡಿ ಸಂಕಟವಾಗುತ್ತದೆ.

ಕ್ಲೇಮ್ ಅರ್ಜಿಗೆ 2022ರಿಂದ ಕಾನೂನು ಇಟ್ಟಿರುವ ಗಡುವು ಆರು ತಿಂಗಳು. ತಿಥಿ ಕಳೆಯಲಿ, ಸುಗ್ಗಿ ಮುಗಿಯಲಿ ಎಂದು ಕೂರಬೇಡಿ. ಅಪಘಾತ ಎಲ್ಲೇ ಆಗಿರಲಿ, ನೀವು ವಾಸವಿರುವ ಕಡೆಯ ನ್ಯಾಯಮಂಡಳಿಯಲ್ಲೇ ಅರ್ಜಿ ಹಾಕಬಹುದು.

ಮನೆಯಲ್ಲಿದ್ದ ಗೃಹಿಣಿ ತೀರಿಕೊಂಡರೆ ಪರಿಹಾರ ಇಲ್ಲ ಎಂದುಕೊಂಡವರೂ ಇದ್ದಾರೆ. ಇದೆ. ಮನೆಗೆಲಸಕ್ಕೂ ಕೋರ್ಟು ಆದಾಯ ಕಟ್ಟುತ್ತದೆ.

ಗುದ್ದಿ ಓಡಿಹೋದ ಗಾಡಿ ಸಿಗದಿದ್ದರೂ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ಸರ್ಕಾರದ ಯೋಜನೆಯಲ್ಲಿ ಸಿಗುತ್ತದೆ. ಅದಕ್ಕೂ ಠಾಣೆಯ ದೂರು ಬೇಕು. ವಕೀಲರ ಫೀಸಿನ ಚಿಂತೆ ಇದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಅಲ್ಲಿ ವಕೀಲರ ನೆರವು ಉಚಿತ. ಸಹಾಯವಾಣಿಯ ನಂಬರು 15100, ಬರೆದಿಟ್ಟುಕೊಳ್ಳಿ. ನಮಸ್ಕಾರ.